ಬೇಲಿಯಾಚೆಯ ಕೂಗೂ ಕೇಳಿಸಬೇಕು

ಅಕ್ಕ, ಒಂದೇ ಮಾತಲ್ಲಿ ಹೇಳು ಅಂದ್ರೆ, ತಗೊಳ್ಳಿ. ಕಿವಿಯ ಮೇಲೆ ಕೂರೋ ಥರದ ಹೆಡ್‌ಫೋನನ್ನೇ ತಗೊಳ್ಳಿ. ಆದ್ರೆ ದುಡ್ಡು ಕೊಡೋಕೆ ಮುಂಚೆ ಕನ್ನಡಕ ಹಾಕ್ಕೊಂಡು, ಓಲೆ ತೆಗೀದೆ, ಒಂದು ಗಂಟೆ ಅದನ್ನ ತಲೆ ಮೇಲಿಟ್ಕೊಂಡು ಕೂತು ನೋಡಿ. ಯಾಕೆ ಅಂತ ಕೇಳಿದ್ರೆ ಮಾತು ಉದ್ದ ಆಗುತ್ತೆ. ಒಲೆ ಮೇಲೆ ಹಾಲಿಟ್ಟಿದ್ರೆ ಆರಿಸಿ ಬನ್ನಿ.

ವೈರಿಲ್ಲದ ಹೆಡ್‌ಫೋನು ಕೇಳಿದ್ರೆ ಅಂಗಡಿಯವರು ಮೂರು ಥರ ತೋರಿಸ್ತಾರೆ. ಕಿವಿಯೊಳಕ್ಕೆ ತೂರಿಸೋ ಬಡ್ಸ್ ಒಂದು. ಇಡೀ ಕಿವಿಯನ್ನ ಒಳಗೆ ಸೇರಿಸ್ಕೊಂಡು ಸುತ್ತ ಮುಚ್ಚೋ ದೊಡ್ಡದು ಇನ್ನೊಂದು, ಅದು ಓವರ್-ಇಯರ್. ಇವೆರಡರ ಮಧ್ಯದ್ದು ನೀವು ಫೋನಲ್ಲಿ ತೋರಿಸಿದ್ರಲ್ಲ, ಅದು: ತಲೆ ಮೇಲೊಂದು ಪಟ್ಟಿ, ಎರಡು ಕಡೆ ಅಂಗೈಗಿಂತ ಚಿಕ್ಕ ಮೆತ್ತೆ, ಆ ಮೆತ್ತೆ ಕಿವಿಯ ಮೇಲೇ ಕೂರುತ್ತೆ. ಆನ್-ಇಯರ್ ಅಂತಾರೆ. ಬೆಂಗಳೂರಿನ ನಿಮ್ಮ ತಮ್ಮನ ಮಗ ‘ಅದು ಬೇಡ ಅತ್ತೆ, ಹೊರಗಿನ ಗಲಾಟೆಯೆಲ್ಲ ಒಳಗೆ ನುಗ್ಗುತ್ತೆ’ ಅಂದನಂತಲ್ಲ, ಅವನು ಹೇಳಿದ್ದು ಸುಳ್ಳಲ್ಲ. ಅವನಿರೋದು ಮೆಟ್ರೋ ಹತ್ತೋ ಊರಲ್ಲಿ, ಎಲ್ರೂ ಒಟ್ಟಿಗೆ ಮಾತಾಡೋ ಆಫೀಸಲ್ಲಿ. ಅವನಿಗೆ ಕಿವಿ ಮುಚ್ಚಿದ್ರೇನೇ ಕೆಲಸ ಆಗೋದು. ನಿಮಗೆ ಮುಚ್ಚಿದ್ರೆ ಕೆಲಸ ಕೆಡುತ್ತೆ. ಕುಕ್ಕರ್ ಎಷ್ಟು ಸಲ ಕೂಗ್ತು ಗೊತ್ತಾಗಬೇಕು, ಗೇಟು ತೆಗೆದ ಸದ್ದು ಕೇಳಬೇಕು, ಕಾಯಿ ಸುಲಿಯೋರು ಹಿತ್ತಲಿಂದ ಚೀಲ ಕೇಳಿದ್ರೆ ‘ಬಂದೆ’ ಅನ್ನಬೇಕು, ಒಳಗೆ ಮಲಗಿರೋ ನಿಮ್ಮತ್ತೆ ನೀರು ಕೇಳಿದ್ರೆ ಎದ್ದು ಹೋಗಬೇಕು. ಹೊರಗಿನದು ಒಳಗೆ ಬರೋದನ್ನ ಅವನು ಕೊರತೆ ಅಂತ ಲೆಕ್ಕ ಹಾಕಿದ. ನಮ್ಮ ಅರಸೀಕೆರೆಯ ಮನೆಗಳಿಗೆ ಅದೇ ಅದರ ದೊಡ್ಡ ಗುಣ ಅಂತ ನಾನು ಹೇಳ್ತೀನಿ.

ಈ ಥರದ್ದು ಹೊಸದೂ ಅಲ್ಲ. 1910ರ ಹೊತ್ತಿಗೆ ಅಮೆರಿಕದ ಯೂಟಾದಲ್ಲಿ ನಥಾನಿಯಲ್ ಬಾಲ್ಡ್ವಿನ್ ಅನ್ನೋರು ಅಡುಗೆಮನೆಯಲ್ಲಿ ಕೂತು ಜೋಡಿಸಿ ನೌಕಾಪಡೆಗೆ ಕಳಿಸಿದ ಹೆಡ್‌ಫೋನೂ ಕಿವಿಯ ಮೇಲೆ ಒತ್ತಿ ಕೂರೋದೇ. 1979ರಲ್ಲಿ ಸೋನಿ ಕಂಪನಿ ವಾಕ್‌ಮನ್ ತಂದಾಗ ಜೊತೆಗೆ ಕೊಟ್ಟಿದ್ದೂ ತೆಳು ಪಟ್ಟಿ, ಸ್ಪಂಜಿನ ಮೆತ್ತೆ. ನಡೆದಾಡ್ತಾ ಹಾಡು ಕೇಳೋದನ್ನ ಜನಕ್ಕೆ ರೂಢಿ ಮಾಡಿದ್ದು ಅದು. ಆಮೇಲೆ ತಂತಿ ಹೋಯ್ತು, ಬ್ಲೂಟೂತ್ ಬಂತು, ಅಷ್ಟೆ.

ತಂತಿ ಹೋದದ್ದರಿಂದ ನಿಮಗೆ ಒಂದು ನಷ್ಟ ಇದೆ, ಅದನ್ನ ಅಂಗಡೀಲಿ ಯಾರೂ ಹೇಳಲ್ಲ. ನೀವು ಬೆಳಿಗ್ಗೆ ಎದ್ದ ಕೂಡ್ಲೇ ಹಾಕೋದು ಹಾಸನ ಆಕಾಶವಾಣಿ, 102.2. ನಿಮ್ಮ ಫೋನಲ್ಲಿ ಎಫ್‌ಎಂ ಇದೆ, ಹೌದು. ಆದ್ರೆ ಅದಕ್ಕೆ ಏರಿಯಲ್ ಯಾವುದು ಅಂದ್ರೆ ಇಯರ್‌ಫೋನಿನ ವೈರೇ. 102.2 ಮೆಗಾಹರ್ಟ್ಸಿನ ಒಂದು ಅಲೆ ಹೆಚ್ಚುಕಡಿಮೆ 3 ಮೀಟರ್ ಉದ್ದ. ಅದನ್ನ ಚೆನ್ನಾಗಿ ಹಿಡಿಯೋಕೆ ಅದರ ಕಾಲುಭಾಗ, ಅಂದ್ರೆ ಮುಕ್ಕಾಲು ಮೀಟರಿನಷ್ಟು ತಂತಿ ಬೇಕು. ಫೋನಿಂದ ಕಿವಿವರೆಗೆ ಇಳಿಬೀಳೋ ವೈರು ಆ ಕೆಲಸ ಮಾಡ್ತಿತ್ತು. ಬ್ಲೂಟೂತಿನ ಅಲೆ 12 ಸೆಂಟಿಮೀಟರ್ ಚಿಲ್ಲರೆ, ಅದರ ಏರಿಯಲ್ಲು ಫೋನೊಳಗೇ ಅಡಗುತ್ತೆ. ಹಾಗಾಗಿ ವೈರ್‌ಲೆಸ್ ಹಾಕ್ಕೊಂಡು ಎಫ್‌ಎಂ ಒತ್ತಿದ್ರೆ ಬಹಳ ಫೋನುಗಳು ‘ವೈರು ಚುಚ್ಚಿ’ ಅಂತ ಕೇಳುತ್ವೆ. ಪ್ರಸಾರ ಭಾರತಿಯವರ ನ್ಯೂಸ್ ಆನ್ ಏರ್ ಆ್ಯಪ್ ಹಾಕ್ಕೊಂಡ್ರೆ ಆಕಾಶವಾಣಿ ಕೇಂದ್ರಗಳು ಇಂಟರ್ನೆಟ್ಟಲ್ಲಿ ಸಿಗುತ್ವೆ, ಡೇಟಾ ಖರ್ಚಾಗುತ್ತೆ, ಮಾತು ಸ್ವಲ್ಪ ತಡವಾಗಿ ಬರುತ್ತೆ. ಇಲ್ಲಾಂದ್ರೆ ವೈರಿಗೂ ತೂತಿರೋ ಹೆಡ್‌ಫೋನು ಹುಡುಕಿ. ಬೋಟ್ ಕಂಪನಿಯ ರಾಕರ್ಜ್ 450 ಅಂಥದ್ದು: ಬ್ಲೂಟೂತೂ ಉಂಟು, ವೈರೂ ಹಾಕಬಹುದು. ಸೋನಿಯ ಸಿಎಚ್520, ಜೆಬಿಎಲ್‌ನ ಟ್ಯೂನ್ 510 ಇವೆರಡಕ್ಕೂ ಆ ತೂತಿಲ್ಲ. ಆಕಾಶವಾಣಿ ಅನ್ನೋದು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ್ಲೇ ಎಂ. ವಿ. ಗೋಪಾಲಸ್ವಾಮಿಯವರು ಶುರು ಮಾಡಿದ ಪ್ರಸಾರದ ಹೆಸರು. ಕರೆಂಟಿಲ್ಲದಾಗಲೂ, ಡೇಟಾ ಮುಗಿದಾಗಲೂ ರೇಡಿಯೋ ದನಿ ನಮ್ಮ ಮನೆಗೆ ಪುಕ್ಕಟೆ ಬರ್ತಿತ್ತು. ಹೊಸ ಸಾಮಾನು ತರೋ ಭರದಲ್ಲಿ ಅದನ್ನ ಕಳ್ಕೊಳ್ಳೋದು ನನಗೆ ಇಷ್ಟ ಇಲ್ಲ.

ಇನ್ನು ದನಿ ಚೆನ್ನಾಗಿದೆಯೋ ಇಲ್ವೋ ಅಂತ ನೋಡೋದು ಹೇಗೆ? ಅಂಗಡಿಯ ಹುಡುಗ ಧಡಧಡ ಅನ್ನೋ ಒಂದು ಹೊಸ ಹಾಡು ಹಾಕ್ತಾನೆ. ಅದರಲ್ಲಿ ಎಲ್ಲ ಹೆಡ್‌ಫೋನೂ ಚೆನ್ನಾಗೇ ಕೇಳುತ್ತೆ. ಅದನ್ನ ನಿಲ್ಲಿಸಿ ಅನ್ನಿ. ನಿಮ್ಮ ಕಿವಿಗೆ ಬಹಳ ವರ್ಷದಿಂದ ಗೊತ್ತಿರೋ ದನಿಯನ್ನ ಹಾಕ್ಸಿ. ನನಗೆ ಅದು ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆ. ನಮ್ಮ ಹಾಸನ ಜಿಲ್ಲೆಯ ಗದ್ದವಳ್ಳಿಯಲ್ಲೇ 1920ರಲ್ಲಿ ಹುಟ್ಟಿದೋರು. ವೀಣೆ ಯಾಕೆ ಅಂದ್ರೆ, ಅದರಲ್ಲಿ ಮುಚ್ಚಿಡೋಕೆ ಏನೂ ಆಗಲ್ಲ. ಮೀಟಿದ ತಕ್ಷಣದ ಚೂಪು ಕೇಳಬೇಕು, ಅದಾದ ಮೇಲೆ ತಂತಿ ಎಳೆದಾಗ ಗಮಕ ಜಾರೋದು ಕೇಳಬೇಕು, ನಾದ ಇಳೀತಾ ಇಳೀತಾ ಎಲ್ಲಿ ಮುಗೀತು ಅನ್ನೋದೂ ಕೇಳಬೇಕು. ಕಳಪೆ ಹೆಡ್‌ಫೋನಲ್ಲಿ ಮೀಟು ಮಾತ್ರ ಕೇಳಿ ಬಾಲ ಕತ್ತರಿಸಿಹೋಗುತ್ತೆ. ಮಂದ್ರದ ತಂತಿ ನುಡಿಸಿದಾಗ ಬರೀ ಬೊಂಯ್ ಅಂದ್ರೆ ಅದನ್ನ ಅಲ್ಲೇ ಬಿಟ್ಟು ಬನ್ನಿ.

ವೀಣೆ ಆದ ಮೇಲೆ ಕಂಠ. ಅರಕಲಗೂಡು ಕಡೆಯ ರುದ್ರಪಟ್ಟಣದ ಆರ್. ಕೆ. ಶ್ರೀಕಂಠನ್ ಅವರು ಹಾಡಿದ ದೇವರನಾಮ ಯಾವುದಾದ್ರೂ ಹಾಕಿ. ಅವರು ಸಾಹಿತ್ಯದ ಒಂದಕ್ಷರವನ್ನೂ ನುಂಗಲ್ಲ. ಅವರು ನುಂಗದೇ ಇರೋದನ್ನ ಹೆಡ್‌ಫೋನು ನುಂಗಿದ್ರೆ ತಪ್ಪು ಹೆಡ್‌ಫೋನಿಂದೇ. ಚನ್ನರಾಯಪಟ್ಟಣದಲ್ಲಿ ಹುಟ್ಟಿದ ಸಿ. ಅಶ್ವತ್ಥ್ ಅವರು ತಾರಸ್ಥಾಯಿಗೆ ಏರಿ ಕೂಗಿ ಹಾಡ್ತಾರಲ್ಲ, ಅಲ್ಲಿ ಕಿವಿಗೆ ಚುಚ್ಚಿದ ಹಾಗಾದ್ರೆ ಆ ಮೇಲಿನ ಸ್ವರಗಳನ್ನ ಕಂಪನಿಯವರು ಬೇಕಂತ್ಲೇ ಎತ್ತಿ ಇಟ್ಟಿದ್ದಾರೆ ಅಂತ ಅರ್ಥ. ಅರ್ಧ ಗಂಟೆಗೆ ತಲೆನೋವು ಬರುತ್ತೆ. ಕೊನೆಗೆ ವಾರ್ತೆ. ಓದೋರ ಸಕಾರ ಶಕಾರ ಎಲ್ಲ ಒಂದೇ ‘ಸ್ಸ್’ ಆಗಬಾರದು. ನೀವು ದಿನಾ ಕೇಳೋದು ಹೆಚ್ಚಾಗಿ ಮಾತು, ಪ್ರವಚನ, ನಾಟಕ. ಹಾಗಾಗಿ ನಿಮ್ಮ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ ಪರೀಕ್ಷೆ.

ಹಳೇ ಚಿತ್ರಗೀತೆ ಹಾಕಿದಾಗ ಒಂದು ವಿಷಯ ಗಮನದಲ್ಲಿರಲಿ. ‘ಅಮರಶಿಲ್ಪಿ ಜಕಣಾಚಾರಿ’ ಬಂದಿದ್ದು 1964ರಲ್ಲಿ, ಕನ್ನಡದ ಮೊದಲ ಪೂರ್ತಿ ಬಣ್ಣದ ಚಿತ್ರ. ಆ ಕಾಲದ ನಮ್ಮ ಹಾಡುಗಳೆಲ್ಲ ಮಾನೋ. ಎಡಕ್ಕೆ ಪಿಟೀಲು, ಬಲಕ್ಕೆ ತಬಲ ಅಂತ ಹಂಚಿಲ್ಲ, ಎರಡು ಕಿವಿಗೂ ಅದೇ ದನಿ ಹೋಗಿ ಹಾಡು ತಲೆಯ ನಡುಮಧ್ಯದಿಂದ ಬಂದ ಹಾಗಿರುತ್ತೆ. ಅದನ್ನ ಕೇಳಿ ಹೆಡ್‌ಫೋನು ಕೆಟ್ಟಿದೆ ಅಂದ್ಕೋಬೇಡಿ. ನನಗೆ ಕೇಳಿದ್ರೆ ಮಾನೋ ಹಾಡುಗಳು ಆನ್-ಇಯರಿನಲ್ಲಿ ಬಹಳ ಹಿತವಾಗಿ ಬರುತ್ವೆ. ಆಗಿನೋರು ರೆಕಾರ್ಡು ಮಾಡ್ತಿದ್ದದ್ದು ಕಂಠ ಮುಂದಿರಲಿ ಅಂತ, ಆ ಕಂಠ ಇಲ್ಲಿ ಮುಂದೇ ಇರುತ್ತೆ.

ಒಂದು ಉಪಾಯ ಹೇಳ್ತೀನಿ. ಮೃದಂಗ ಇರೋ ಕಚೇರಿ ಹಾಕ್ಕೊಂಡು, ಎರಡು ಕೈಯಿಂದ ಮೆತ್ತೆಗಳನ್ನ ಮೆಲ್ಲಗೆ ಒಂಚೂರು ಒತ್ತಿ. ಒತ್ತಿದಾಗ ಮೃದಂಗದ ಎಡಭಾಗದ ಗುಂಕಾರ ದಿಢೀರ್ ದೊಡ್ಡದಾದ್ರೆ, ಆ ಮೆತ್ತೆ ನಿಮ್ಮ ಕಿವಿ ಮೇಲೆ ಸರಿಯಾಗಿ ಕೂತಿಲ್ಲ. ಸಂದಿಯಿಂದ ಮೊದಲು ಸೋರಿಹೋಗೋದು ತಗ್ಗಿನ ಸ್ವರಗಳೇ. ನಿಮಗೆ ಈ ಸಂದಿ ಆಗೋಕೆ ಎರಡು ಕಾರಣ ಇದೆ. ಒಂದು ಕನ್ನಡಕದ ಕಡ್ಡಿ. ಇನ್ನೊಂದು ಬೆಂಡೋಲೆ.

ಹೆಡ್‌ಫೋನು ಪರೀಕ್ಷೆ ಮಾಡಿ ಬರೆಯೋರು ಒಬ್ರೂ ಬೆಂಡೋಲೆ ಹಾಕ್ಕೊಂಡು ನೋಡಿರಲ್ಲ. ಓಲೆಯ ಮುಂದಿನ ಹರಳಿನ ಮೇಲೆ ಮೆತ್ತೆ ಒತ್ತುತ್ತೆ, ಹಿಂದಿನ ತಿರುಪು ಕಿವಿ ಹಿಂದಿನ ಚರ್ಮಕ್ಕೆ ಚುಚ್ಚುತ್ತೆ. ಅದರ ಜೊತೆ ಕನ್ನಡಕ ಇದ್ರೆ ಕಿವಿಯ ಮೇಲ್ತುದಿ ಕಡ್ಡಿಗೂ ಮೆತ್ತೆಗೂ ಮಧ್ಯೆ ಸಿಕ್ಕಿಬೀಳುತ್ತೆ. ಹೊಸ ಚಪ್ಪಲಿ ಅಂಗಡೀಲಿ ಹಾಕಿದಾಗ ಸರಿ ಇದ್ದು, ಮಾಲೇಕಲ್ಲು ತಿರುಪತಿ ಬೆಟ್ಟದ ಅರ್ಧ ಹತ್ತಿದ ಮೇಲೆ ಕಚ್ಚುತ್ತಲ್ಲ, ಹಾಗೇ ಇದೂ. ಹತ್ತು ನಿಮಿಷಕ್ಕೆ ಏನೂ ಗೊತ್ತಾಗಲ್ಲ. ಅದಕ್ಕೇ ಒಂದು ಗಂಟೆ ಅಂದಿದ್ದು. ಪಟ್ಟಿಯ ಬಿಗಿ ಎಷ್ಟಿದೆ ಅನ್ನೋದು ತೂಕಕ್ಕಿಂತ ಮುಖ್ಯ. ನಾನು ಹೇಳಿದ ಸೋನಿದು 147 ಗ್ರಾಂ, ಜೆಬಿಎಲ್‌ದು 160 ಗ್ರಾಂ. ಆ 13 ಗ್ರಾಂ ತಲೆಗೆ ಗೊತ್ತಾಗಲ್ಲ, ಹಿಂಡಿದ್ರೆ ಗೊತ್ತಾಗುತ್ತೆ. ತುಂಬ ಸಡಿಲ ಇದ್ರೂ ಕಷ್ಟ, ಬಗ್ಗಿ ರಂಗೋಲಿ ಹಾಕುವಾಗ ಜಾರಿ ಮುಂದಕ್ಕೆ ಬರುತ್ತೆ. ನೀವು ಹೂ ಮುಡಿಯೋರು. ಪಟ್ಟಿ ನೆತ್ತಿ ಮೇಲೆ ಕೂರಬೇಕೇ ಹೊರತು ತುರುಬಿನ ಮೇಲಲ್ಲ. ಓಲೆ ತೆಗೀತೀನಿ ಬಿಡು ಅನ್ನಬೇಡಿ. ದಿನಾ ತೆಗೆದು ಹಾಕೋ ಕೆಲಸ ಆದ್ರೆ ವಾರದೊಳಗೆ ಹೆಡ್‌ಫೋನೇ ಪೆಟ್ಟಿಗೆ ಸೇರುತ್ತೆ.

ಬೇಲೂರಿನ ನಿಮ್ಮ ಮೊಮ್ಮಗನಿಗೂ ಇಂಥದ್ದೇ ಒಂದು ಕೊಡಿಸ್ಬೇಕು ಅಂದ್ರಲ್ಲ, ಅದಕ್ಕೆ ಬೇರೆ ಲೆಕ್ಕ ಇದೆ. ನಮ್ಮದು ಬಯಲುಸೀಮೆ ಗಾಳಿ. ಕೊಬ್ಬರಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತು ತಾನಾಗೇ ಒಣಗುತ್ತೆ ಅಂದ್ರೆ ಎಷ್ಟು ಒಣಹವೆ ನೋಡಿ. ಇಲ್ಲಿ ಹೆಡ್‌ಫೋನಿಗೆ ಶತ್ರು ಧೂಳು, ಬೇಸಿಗೆಯ ಕಾವು. ಜಾವಗಲ್ ದಾಟಿ ಹಳೇಬೀಡಿಗೆ ಬರೋ ಹೊತ್ತಿಗೆ ಗಾಳಿ ಬದಲಾಗುತ್ತೆ, ಬೇಲೂರು ತಲುಪಿದ್ರೆ ಮಲೆನಾಡಿನ ಬಾಗಿಲು. ಮಳೆಗಾಲದಲ್ಲಿ ಜಿಟಿಜಿಟಿ ಹಿಡಿದ್ರೆ ಬಟ್ಟೆ ಒಣಗಲ್ಲ, ಬೀರುವಿನ ಬೆಲ್ಟಿಗೂ ಬೂಷ್ಟು ಬರುತ್ತೆ. ಈ ಮೆತ್ತೆಗಳಿಗೆ ಹಾಕೋದು ನಿಜವಾದ ಚರ್ಮ ಅಲ್ಲ, ಪಾಲಿಯುರಿಥೇನ್ ಹೊದಿಕೆ. ತೇವಕ್ಕೆ ಅದರ ಬಂಧ ಬಿಡುತ್ತೆ, ಬೆವರಿನ ಎಣ್ಣೆಯೂ ಸೇರಿ ಕರ್ರಗೆ ಸಿಪ್ಪೆಸಿಪ್ಪೆಯಾಗಿ ಕೆನ್ನೆಗೆ ಅಂಟುತ್ತೆ. ಹಾಗಾಗಿ ಬೇಲೂರಿಗೆ ಕೊಡಿಸೋದಾದ್ರೆ ಮೆತ್ತೆ ಬಿಚ್ಚಿ ಬದಲಾಯಿಸೋಕೆ ಬರುತ್ತಾ, ಬಿಡಿ ಮೆತ್ತೆ ಸಿಗುತ್ತಾ ಅಂತ ಕೇಳೇ ತಗೊಳ್ಳಿ. ಕೇಳಿದ ಮೇಲೆ ಒಣಬಟ್ಟೇಲಿ ಒರೆಸಿ ಗಾಳಿಗೆ ಇಡೋಕೆ ಹುಡುಗನಿಗೆ ಹೇಳಿ. ನೀವು ಇಲ್ಲಿ ಮಾಡಬೇಕಾದ್ದು ಒಂದೇ: ತಗಡಿನ ಅಟ್ಟದ ಕೆಳಗೋ ಬಿಸಿಲು ಬೀಳೋ ಕಿಟಕಿ ಮೇಲೋ ಇಡಬೇಡಿ. ಒಳಗಿರೋ ಲಿಥಿಯಂ ಬ್ಯಾಟರಿಗೆ ಕಾವು ಆಗಲ್ಲ.

ಬಸ್ಸಿನ ವಿಷಯಕ್ಕೆ ಬಂದ್ರೆ ನಾನು ಆನ್-ಇಯರಿನ ಪರ ಮಾತಾಡೋದಿಲ್ಲ. ಬೇಲೂರಿಗೆ ಹೋಗೋ ಬಸ್ಸಲ್ಲಿ ಇಂಜಿನ್ನಿನ ಗುರ್ರು ತಗ್ಗಿನ ಸ್ವರದ ಮೇಲೇ ಬಂದು ಕೂರುತ್ತೆ, ಮೆತ್ತೆ ಅದನ್ನ ತಡೆಯಲ್ಲ. ಆಗ ಕೈ ತಾನಾಗೇ ವಾಲ್ಯೂಮಿಗೆ ಹೋಗುತ್ತೆ. ಅಲ್ಲಿದೆ ಅಪಾಯ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಏನು ಅಂದ್ರೆ, 80 ಡೆಸಿಬಲ್ ಆದ್ರೆ ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬಲ್ ಆದ್ರೆ 4 ಗಂಟೆ ಮಾತ್ರ. ಹತ್ತೇ ಡೆಸಿಬಲ್ ಏರಿಸಿದ್ದಕ್ಕೆ 36 ಗಂಟೆ ಹೋಯ್ತು. ಮಕ್ಕಳಿಗೆ ಇನ್ನೂ ಕಮ್ಮಿ, 75ರಲ್ಲಿ 40 ಗಂಟೆ. ನಿಮ್ಮ ಮೊಮ್ಮಗ ಕಾಲೇಜಿಗೆ ದಿನಾ ಬಸ್ಸಲ್ಲಿ ಹೋಗೋನು, ವಾಲ್ಯೂಮು ನೂರಕ್ಕೆ ಅರವತ್ತು ದಾಟದ ಹಾಗೆ ಫೋನಲ್ಲೇ ಮಿತಿ ಹಾಕಿಟ್ಕೊಳ್ಳೋಕೆ ಹೇಳಿ. ಒಳಕಿವಿಯ ಕೂದಲಿನಂಥ ಜೀವಕೋಶಗಳು ಒಂದು ಸಲ ಸತ್ತರೆ ಮತ್ತೆ ಹುಟ್ಟಲ್ಲ ಅಕ್ಕ. ಅವನಿಗೆ ಬೈದು ಹೇಳಬೇಡಿ, ಕೂರಿಸ್ಕೊಂಡು ಹೇಳಿ, ಕೇಳ್ತಾನೆ.

ಹಾಗಂತ ಬಸ್ಸಲ್ಲಿ ಹೆಡ್‌ಫೋನೇ ಬೇಡ ಅಂದ್ರೆ, ಫೋನಿನ ಸ್ಪೀಕರಲ್ಲಿ ಹಾಕಿ ಬಸ್ಸಿಗೆಲ್ಲ ಕೇಳಿಸೋರಿದ್ದಾರಲ್ಲ, ಅದು ಅದಕ್ಕಿಂತ ಕೆಟ್ಟದ್ದು. ಹೈಕೋರ್ಟಿನ ಸೂಚನೆ ಮೇಲೆ 2021ರ ನವೆಂಬರಲ್ಲಿ ಕೆಎಸ್‌ಆರ್‌ಟಿಸಿಯವರು ಅದನ್ನ ನಿಷೇಧಿಸಿ ಆದೇಶ ಹೊರಡಿಸಿದ್ರು. ಹೇಳಿದ್ರೂ ನಿಲ್ಲಿಸದೇ ಇದ್ರೆ ಬಸ್ಸಿಂದ ಇಳಿಸಬಹುದು, ಟಿಕೆಟ್ ದುಡ್ಡೂ ವಾಪಸ್ ಇಲ್ಲ. ಒಳ್ಳೇ ಆದೇಶ. ಆನ್-ಇಯರ್ ಹಾಕ್ಕೊಂಡೋರೂ ಒಂದು ತಿಳ್ಕೋಬೇಕು: ಹೊರಗಿನದು ಒಳಗೆ ಬರೋ ಸಂದಿಯಿಂದ್ಲೇ ಒಳಗಿನದು ಹೊರಕ್ಕೂ ಹೋಗುತ್ತೆ. ಜೋರಾಗಿ ಇಟ್ರೆ ಪಕ್ಕದ ಸೀಟಿನೋರಿಗೆ ಚಿಸ್‌ಚಿಸ್ ಅಂತ ತಾಳ ಮಾತ್ರ ಕೇಳ್ತಾ ಇರುತ್ತೆ, ಹಾಡಿಗಿಂತ ಅದು ಹಿಂಸೆ.

ರೈಲಿಗೆ ಮಾತ್ರ ಇದು ಚೆನ್ನಾಗಿ ಒಗ್ಗುತ್ತೆ. ನಮ್ಮದು ಜಂಕ್ಷನ್ನು. ಬೆಂಗಳೂರಿಂದ ಹುಬ್ಬಳ್ಳಿ ಕಡೆ ಹೋಗೋದೂ ಇಲ್ಲೇ, ಹಾಸನ ಮೈಸೂರಿನ ಕಡೆ ಕವಲಾಗೋದೂ ಇಲ್ಲೇ. ಪ್ಲಾಟ್‌ಫಾರ್ಮ್ ಬದಲಾಯ್ತು ಅಂತ ಮೈಕಲ್ಲಿ ಕೂಗಿದ್ದು ಕೇಳದೇ ಇದ್ರೆ ಕೂತಲ್ಲೇ ಗಾಡಿ ತಪ್ಪುತ್ತೆ. ಬಡ್ಸ್ ಹಾಕ್ಕೊಂಡು ಕಣ್ಣು ಮುಚ್ಚಿ ಕೂತವರನ್ನ ಅಕ್ಕಪಕ್ಕದೋರು ತಟ್ಟಿ ಎಬ್ಬಿಸೋದು ನೋಡಿದ್ದೀನಿ. ಆನ್-ಇಯರಿನಲ್ಲಿ ಹಾಡು ಸಣ್ಣಗಿದ್ರೆ ಆ ಕೂಗು ಕೇಳುತ್ತೆ. ಸ್ಕೂಟರ್ ಓಡಿಸುವಾಗ ಮಾತ್ರ ಯಾವ ಥರದ್ದೂ ಬೇಡ, ಅದರಲ್ಲಿ ಚೌಕಾಸಿ ಇಲ್ಲ.

ಇದು ಬೇಡದ ಇನ್ನೊಂದು ಜಾಗ ಇದೆ. ಮೊಮ್ಮಗನ ಮನೆ ಹತ್ತಿರವೇ ಚೆನ್ನಕೇಶವ, ಪಕ್ಕದ ಹಳೇಬೀಡಲ್ಲಿ ಹೊಯ್ಸಳೇಶ್ವರ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದಾವೆ. ಅಲ್ಲಿ ಓಡಾಡೋ ಹುಡುಗರ ಕುತ್ತಿಗೇಲಿ, ತಲೇಲಿ ಈ ಹೆಡ್‌ಫೋನು ಕಾಣುತ್ತೆ. ಗುಡಿಯೊಳಗೆ ಹೋಗುವಾಗ ಚೀಲಕ್ಕೆ ಹಾಕೋ ಅಂತ ಅವನಿಗೆ ಹೇಳಿ. ಮದ್ದಳೆಯೋರು, ತಾಳದೋರು, ಕೊಳಲೂದೋ ಕೃಷ್ಣ, ಸುತ್ತ ಮುಖ ಎತ್ತಿ ನಿಂತ ಹಸುಗಳು, ಕಲ್ಲಲ್ಲಿ ಅಷ್ಟು ಸಂಗೀತ ಇದೆ. ಅಲ್ಲಿಯ ಗೈಡುಗಳು ಬಾಯಲ್ಲಿ ಹೇಳೋ ವಿವರ ಯಾವ ಆ್ಯಪಲ್ಲೂ ಸಿಗಲ್ಲ. ಅದನ್ನ ಬರಿಗಿವೀಲೇ ಕೇಳಬೇಕು.

ಬ್ಯಾಟರಿ ವಿಷಯಕ್ಕೆ ನೀವು ತಲೆ ಕೆಡಿಸ್ಕೋಬೇಡಿ. ಸೋನಿಯೋರು 50 ಗಂಟೆ ಅಂತಾರೆ, ಜೆಬಿಎಲ್‌ನೋರು 40 ಅಂತಾರೆ, ಬೋಟ್‌ನ ಆ ರಾಕರ್ಜ್‌ಗೆ 15. ನೀವು ದಿನಕ್ಕೆ ಎರಡು ಗಂಟೆ ಕೇಳಿದ್ರೆ 15 ಗಂಟೆದೂ ಒಂದು ವಾರ ಬರುತ್ತೆ. ಕರೆಂಟ್ ಹೋಗೋ ಊರಿಗೆ ಹೆಚ್ಚಿದ್ರೆ ಒಳ್ಳೇದೇ, ಆದ್ರೆ ಬರೀ ಅದಕ್ಕಾಗಿ ಹೆಚ್ಚು ದುಡ್ಡು ಸುರೀಬೇಡಿ. ಫೋನು ಅಡುಗೆಮನೇಲಿಟ್ಟು ಹಿತ್ತಲಿಗೆ ಬಂದ್ರೆ ಹಾಡು ಕಡಿದು ಕಡಿದು ಬರುತ್ತೆ. ಬ್ಲೂಟೂತು ಹತ್ತು ಮೀಟರಿನ ಆಟ, ಮಧ್ಯೆ ನಮ್ಮ ಹಳೇ ದಪ್ಪಗೋಡೆ ಇದ್ರೆ ಇನ್ನೂ ಕಮ್ಮಿ. ಸೊಂಟದ ಚೀಲದಲ್ಲೋ ಜೇಬಲ್ಲೋ ಫೋನು ಇಟ್ಕೊಳ್ಳಿ. ಮಗಳ ಫೋನು ಬಂದಾಗ ಅದರಲ್ಲೇ ಮಾತಾಡಬಹುದು, ಆದ್ರೆ ಮಾತಾಡುವಾಗ ದನಿ ಇದ್ದಕ್ಕಿದ್ದಂಗೆ ಸಪ್ಪೆ ಆಗುತ್ತೆ. ಹಾಡಿಗೆ ಬ್ಲೂಟೂತು ಒಂದು ದಾರಿ ಹಿಡಿಯುತ್ತೆ, ಮೈಕು ಆನ್ ಆದ ಕೂಡ್ಲೇ ಹೋಗೋ ದನಿ ಬರೋ ದನಿ ಎರಡನ್ನೂ ಹೊರಬೇಕಾಗಿ ಇಕ್ಕಟ್ಟಾದ ಬೇರೆ ದಾರಿಗೆ ಬದಲಾಗುತ್ತೆ. ಅದು ರೋಗ ಅಲ್ಲ.

ತಗೊಳ್ಳುವಾಗ ಡಬ್ಬಿ ಮೇಲೆ ಬಿಐಎಸ್ ಗುರುತು, ಅದರ ಜೊತೆ ಆರ್ ಅಕ್ಷರದಿಂದ ಶುರುವಾಗೋ ನೋಂದಣಿ ಸಂಖ್ಯೆ ಇದೆಯಾ ನೋಡಿ. ದೊಡ್ಡ ಹೆಸರಿನ ನಕಲಿಗಳು ಕಮ್ಮಿ ಬೆಲೆಗೆ ಬಹಳ ಓಡಾಡ್ತಾವೆ. ಬಿಲ್ ಬಿಡಬೇಡಿ, ವಾರಂಟಿ ಕೇಳೋಕೆ ಹೋದಾಗ ಅದೊಂದೇ ಆಧಾರ. ವಾಪಸ್ ತಗೊಳ್ಳೋಕೆ ಎಷ್ಟು ದಿನ ಅಂತ ಮೊದಲೇ ಕೇಳಿ, ಅಷ್ಟರೊಳಗೆ ವೀಣೆ, ವಾರ್ತೆ, ಓಲೆ, ಕನ್ನಡಕ ಎಲ್ಲ ಪರೀಕ್ಷೆ ಮುಗಿಸಿ.

ಸದ್ಯಕ್ಕೆ ನನ್ನದನ್ನ ತಗೊಂಡು ಹೋಗಿ ಅಕ್ಕ, ಚಾರ್ಜು ತುಂಬಿದೆ. ಬಲಗಡೆ ಗುಂಡಿ ಒತ್ತಿ ಹಿಡಿದ್ರೆ ಆನ್ ಆಗುತ್ತೆ, ಫೋನಿಗೆ ನಾನೇ ಜೋಡಿಸಿಕೊಡ್ತೀನಿ ಕೊಡಿ ಇಲ್ಲಿ. ಸಂಜೆ ಅಡುಗೆ ಮುಗಿಯೋ ತನಕ ಹಾಕ್ಕೊಂಡಿರಿ. ಕಿವಿ ಎಲ್ಲಿ ನೋಯ್ತು, ಎಡಗಡೆನಾ ಬಲಗಡೆನಾ, ಓಲೆ ಹತ್ತಿರನಾ ಕಡ್ಡಿ ಹತ್ತಿರನಾ, ನೋಡಿಟ್ಕೊಂಡು ನಾಳೆ ಹೇಳಿ. ಯಾವುದು ತರಿಸೋದು ಅಂತ ಆಮೇಲೆ ನೋಡೋಣ.